ಕ್ಯಾನ್ಸರ್ ಎಂದ ಕೂಡಲೇ ಅಡ್ವಾನ್ಸ್ ಕಟ್ಟಬೇಡಿ

ಬಯಾಪ್ಸಿ ರಿಪೋರ್ಟ್ ಕೈಗೆ ಬಂದ ದಿನ ಮನೆಯವರಿಗೆ ಕೈಕಾಲೇ ಆಡುವುದಿಲ್ಲ. ಯಾರೋ ಹೇಳಿದ ಖಾಸಗಿ ಆಸ್ಪತ್ರೆಗೆ ಓಡುತ್ತಾರೆ, ಒಡವೆ ಅಡವಿಟ್ಟು ತಂದ ದುಡ್ಡನ್ನು ಅಡ್ವಾನ್ಸ್ ಕಟ್ಟುತ್ತಾರೆ, ಕೀಮೋ ಶುರುವಾಗುತ್ತದೆ. ಮೂರನೇ ಕೀಮೋ ಹೊತ್ತಿಗೆ ಕೈ ಬರಿದಾಗಿರುತ್ತದೆ. ಆಗ ಪಕ್ಕದ ಹಾಸಿಗೆಯವರು ಕೇಳುತ್ತಾರೆ: "ನಿಮ್ಮದು ಬಿಪಿಎಲ್ ಕಾರ್ಡ್ ಅಲ್ವೇನಮ್ಮ, ಆಯುಷ್ಮಾನ್‌ನಲ್ಲಿ ಮಾಡಿಸಬಹುದಿತ್ತಲ್ಲ?" ಬಿಲ್ಲಿನ ಕಂತೆ ಹಿಡಿದು ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯಮಿತ್ರರ ಕೌಂಟರಿಗೆ ಹೋದರೆ ಸಿಗುವ ಉತ್ತರ ಒಂದೇ. ಕಟ್ಟಿದ್ದು ವಾಪಸ್ ಬರುವುದಿಲ್ಲ.

ನಿಯಮವೇ ಹಾಗಿದೆ. 2018ರಲ್ಲಿ ರಾಜ್ಯದ ಆರೋಗ್ಯ ಕರ್ನಾಟಕವೂ ಕೇಂದ್ರದ ಆಯುಷ್ಮಾನ್ ಭಾರತವೂ ಸೇರಿ ಒಂದೇ ಯೋಜನೆಯಾದವು. ಅದನ್ನು ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಟ್ರಸ್ಟ್ ಹಣ ಕೊಡುವುದು ಆಸ್ಪತ್ರೆಗೆ, ರೋಗಿಗಲ್ಲ. ಅದೂ ಚಿಕಿತ್ಸೆಗೆ ಮೊದಲೇ ಅನುಮತಿ ಪಡೆದಿದ್ದರೆ ಮಾತ್ರ. ಬಡ ರೋಗಿಗಳಿಗೆ ನೆರವಾಗುವ ಕೇಂದ್ರದ ರಾಷ್ಟ್ರೀಯ ಆರೋಗ್ಯ ನಿಧಿಯೂ ಆಗಲೇ ಖರ್ಚಾದ ಹಣವನ್ನು ತುಂಬಿಕೊಡುವುದಿಲ್ಲ. ಹಾಗಾಗಿ ರಿಪೋರ್ಟ್ ಬಂದ ದಿನದಿಂದ ಮೊದಲ ಕೀಮೋವರೆಗಿನ ಕೆಲವೇ ದಿನಗಳಲ್ಲಿ ಮನೆಯ ಮುಂದಿನ ಲೆಕ್ಕವೆಲ್ಲ ತೀರ್ಮಾನವಾಗಿಬಿಡುತ್ತದೆ. ಉಸಿರು ಕಟ್ಟುವುದು, ರಕ್ತ ನಿಲ್ಲದಿರುವುದು ಇಂಥದ್ದಾದರೆ ಮಾತ್ರ ಕಾಗದಪತ್ರಕ್ಕೆ ಕಾಯಬೇಡಿ. ತುರ್ತು ಚಿಕಿತ್ಸೆಗೆ ರೆಫರಲ್, ಅಂದರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ, ಬೇಕಿಲ್ಲ.

ಉಳಿದವರು ಮೊದಲು ಹೋಗಬೇಕಾದದ್ದು ಸರ್ಕಾರಿ ಆಸ್ಪತ್ರೆಗೆ. ಜಿಲ್ಲಾಸ್ಪತ್ರೆಯಾಗಲಿ, ಬೆಂಗಳೂರಿನ ಕಿದ್ವಾಯಿ ಆಗಲಿ. ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ಯೋಜನೆಯಲ್ಲಿ ನೋಂದಾಯಿತ ಖಾಸಗಿ ಆಸ್ಪತ್ರೆಗೆ ರೆಫರಲ್ ಬರೆದುಕೊಡುತ್ತಾರೆ. ಬಹಳ ಮಂದಿ ಎಡವುವುದು ಇಲ್ಲೇ: ಖಾಸಗಿಯಲ್ಲಿ ಅಡ್ಮಿಟ್ ಆಗಿ, ಆಮೇಲೆ ರೆಫರಲ್ ತರಲು ಊರಿಗೆ ಓಡುತ್ತಾರೆ. "ನಮ್ಮಲ್ಲಿ ಆಯುಷ್ಮಾನ್ ಇದೆ" ಎಂದು ಆಸ್ಪತ್ರೆಯವರು ಹೇಳಿದರೆ ಅಷ್ಟಕ್ಕೇ ಸಮಾಧಾನಪಡಬೇಡಿ. ನೋಂದಣಿ ಒಂದೊಂದು ವಿಭಾಗಕ್ಕೂ ಬೇರೆ. ಹೃದಯಕ್ಕೆ ಇದ್ದು ಕ್ಯಾನ್ಸರಿಗೆ ಇಲ್ಲದಿರಬಹುದು. ಆಪರೇಷನ್‌ಗೆ ಇದ್ದು ರೇಡಿಯೇಷನ್‌ಗೆ ಇಲ್ಲದಿರಬಹುದು. ಆಪರೇಷನ್, ಕೀಮೋ, ರೇಡಿಯೇಷನ್ ಮೂರನ್ನೂ ಬಿಡಿಬಿಡಿಯಾಗಿ ಕೇಳಿ.

ಹಣದ ಮಿತಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ. ಇದು ಇಡೀ ಕುಟುಂಬಕ್ಕೆ. ಅದೇ ವರ್ಷ ಅಪ್ಪನ ಹೃದಯಕ್ಕೆ ಖರ್ಚಾಗಿದ್ದರೆ ಅಮ್ಮನ ಕ್ಯಾನ್ಸರಿಗೆ ಉಳಿದದ್ದಷ್ಟೇ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ಶೇ 30 ಅಂದರೆ ಆಸ್ಪತ್ರೆಯ ಬಿಲ್ಲಿನ ಶೇ 30 ಅಲ್ಲ. ಬಿಲ್ 3 ಲಕ್ಷ ಆಗಿ, ಸರ್ಕಾರ ನಿಗದಿ ಮಾಡಿದ ಪ್ಯಾಕೇಜ್ ದರ 1 ಲಕ್ಷ ಇದ್ದರೆ ಸಿಗುವುದು 30 ಸಾವಿರ, 90 ಸಾವಿರ ಅಲ್ಲ. ಇದು ತಿಳಿಯದೆ ಸಾಲ ಮಾಡಿದವರು ಕೊನೆಗೆ ಡಿಸ್ಚಾರ್ಜ್ ಕೌಂಟರಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ.

ಇನ್ನು ಕಾಗದಪತ್ರ. ರೇಷನ್ ಕಾರ್ಡಿನಲ್ಲಿ ಲಕ್ಷ್ಮಮ್ಮ, ಆಧಾರ್‌ನಲ್ಲಿ ಲಕ್ಷ್ಮೀದೇವಮ್ಮ: ಈ ಒಂದು ವ್ಯತ್ಯಾಸ ಸಾಕು, ಕೀಮೋ ದಿನ ಮುಂದೆ ಹೋಗಲು. ಕಾರ್ಡ್ ರದ್ದಾಗಿದೆಯೇ, ರೋಗಿಯ ಹೆಸರು ಅದರಲ್ಲಿ ಇನ್ನೂ ಇದೆಯೇ ಎಂದು ನ್ಯಾಯಬೆಲೆ ಅಂಗಡಿಯಲ್ಲೇ ವಿಚಾರಿಸಿ. ಹೆಬ್ಬೆಟ್ಟಿನ ವಿಷಯ ಯಾರೂ ಮುಂಚೆ ಹೇಳುವುದಿಲ್ಲ. ಸ್ತನ, ಕರುಳಿನ ಕ್ಯಾನ್ಸರಿಗೆ ಕೊಡುವ ಕ್ಯಾಪೆಸಿಟಬಿನ್ ಮಾತ್ರೆಯಿಂದ ಕೆಲವರಿಗೆ ಅಂಗೈ, ಅಂಗಾಲು ಕೆಂಪಾಗಿ ಚರ್ಮ ಸುಲಿಯುತ್ತದೆ. ಬೆರಳ ತುದಿ ನುಣ್ಣಗಾಗಿ ಗೆರೆಗಳೇ ಅಳಿಸಿಹೋಗುತ್ತವೆ. ಗುರುತು ಖಚಿತಪಡಿಸುವ ಯಂತ್ರದ ಮೇಲೆ ಎಷ್ಟು ಸಲ ಒತ್ತಿದರೂ ಬೆರಳಚ್ಚು ಹೊಂದುವುದಿಲ್ಲ. ಆದ್ದರಿಂದ ಚಿಕಿತ್ಸೆ ಶುರುವಾಗುವ ಮುನ್ನವೇ ಆಧಾರ್ ಕೇಂದ್ರಕ್ಕೆ ಹೋಗಿ, ಈಗ ಬಳಸುತ್ತಿರುವ ಮೊಬೈಲ್ ನಂಬರ್ ಸೇರಿಸಿ, ಆಯುಷ್ಮಾನ್ ಕಾರ್ಡ್ ಮಾಡಿಸಿಟ್ಟುಕೊಳ್ಳಿ. ಒಟಿಪಿ ಬರುವಂತಿದ್ದರೆ ಬೆರಳಿಗಾಗಿ ಪರದಾಡಬೇಕಿಲ್ಲ.

ಆಗಲೇ ದುಡ್ಡು ಕಟ್ಟಿ ಅರ್ಧ ದಾರಿಯಲ್ಲಿರುವವರು ಆಸೆ ಬಿಡಬೇಡಿ. ಕೀಮೋಗೆ ಪ್ಯಾಕೇಜ್ ಇರುವುದು ಒಂದೊಂದು ಸುತ್ತಿಗೆ. ಮುಗಿದ ಸುತ್ತಿನ ಹಣ ಹೋಯಿತು, ಸರಿ. ಉಳಿದ ಸುತ್ತುಗಳನ್ನು ಯೋಜನೆಯಡಿ ತರಲು ಆಗುತ್ತದೆಯೇ ಎಂದು ಇವತ್ತೇ ಕೇಳಿ. ಬಯಾಪ್ಸಿ ರಿಪೋರ್ಟ್, ಸ್ಕ್ಯಾನ್, ಎಷ್ಟು ಸುತ್ತು ಮುಗಿದಿದೆ, ಇನ್ನೆಷ್ಟು ಬಾಕಿ, ಯಾವ ಔಷಧ, ರೋಗ ಯಾವ ಹಂತದಲ್ಲಿದೆ ಎಂದು ವೈದ್ಯರು ಸಹಿ ಹಾಕಿ ಬರೆದ ಚಿಕಿತ್ಸಾ ಯೋಜನೆ, ಇಷ್ಟೂ ಜೊತೆಗಿರಲಿ. ಹಂತ ಬರೆಯದ ಚೀಟಿ ಪ್ರಶ್ನೆ ಹೊತ್ತು ಹಿಂದಕ್ಕೆ ಬರುತ್ತದೆ. ದುಬಾರಿ ಹೊಸ ಔಷಧಗಳು ಯೋಜನೆಯ ಪಟ್ಟಿಯಲ್ಲಿ ಇಲ್ಲದಿರಬಹುದು. ಬದಲಿಗೆ ಪಟ್ಟಿಯಲ್ಲಿರುವ ಔಷಧ ಆಗುತ್ತದೆಯೇ ಎಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ.

ಮಿತಿ ಮೀರಿದಾಗ ಪ್ರಧಾನ ಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿಗೆ ಅರ್ಜಿ ಹಾಕಬಹುದು. ಎರಡು ಫೋಟೊ, ವಿಳಾಸದ ದಾಖಲೆ, ನಾಡಕಚೇರಿಯ ಆದಾಯ ಪ್ರಮಾಣಪತ್ರ, ರೋಗವನ್ನೂ ಅಂದಾಜು ಖರ್ಚನ್ನೂ ಬರೆದ ಆಸ್ಪತ್ರೆಯ ಅಸಲಿ ಪ್ರಮಾಣಪತ್ರ ಬೇಕು. ಹಣ ನೇರವಾಗಿ ಆಸ್ಪತ್ರೆಗೆ ಹೋಗುತ್ತದೆ. ಮುಖ್ಯಮಂತ್ರಿ ಪರಿಹಾರ ನಿಧಿಗೂ ಬೇರೆಯಾಗಿ ಅರ್ಜಿ ಹಾಕಿ. ಯಾವುದಕ್ಕೂ ಶುಲ್ಕ ಇಲ್ಲ. ಆಸ್ಪತ್ರೆ ಗೇಟಿನ ಹತ್ತಿರ, ಟೀ ಅಂಗಡಿಯಲ್ಲಿ, "ಮಂಜೂರು ಮಾಡಿಸಿಕೊಡ್ತೀನಿ, ಶೇ 10 ಕೊಡಿ ಸಾಕು" ಎಂದು ಅಕ್ಕರೆಯಿಂದ ಮಾತಾಡುವವರು ದಲ್ಲಾಳಿಗಳು. ಅವರು ಮೊದಲು ಕೇಳುವುದು ಅಸಲಿ ಬಿಲ್ ಮತ್ತು ಆಧಾರ್. ಅಸಲಿ ಅವರ ಕೈಗೆ ಹೋದರೆ ನೀವು ಬೇರೆಲ್ಲೂ ಅರ್ಜಿ ಹಾಕುವಂತಿಲ್ಲ, ಅವರು ಆಡಿಸಿದಂತೆ ಆಡಬೇಕು. ಒಟಿಪಿಯನ್ನಂತೂ ಯಾರಿಗೂ ಹೇಳಲೇಬೇಡಿ. ದಾನ ಕೇಳಿ ವಾಟ್ಸ್ಯಾಪ್‌ನಲ್ಲಿ ಫೋಟೊ ಹಾಕುವಾಗಲೂ ರಿಪೋರ್ಟಿನಲ್ಲಿರುವ ಆಧಾರ್, ಆಸ್ಪತ್ರೆ ನಂಬರ್ ಮುಚ್ಚಿ. ಅದೇ ಫೋಟೊಗೆ ಬೇರೆ ಕ್ಯೂಆರ್ ಕೋಡ್ ಅಂಟಿಸಿ ಹಣ ಎತ್ತುವವರಿದ್ದಾರೆ.

ಬಿಪಿಎಲ್ ರೋಗಿಗೆ ಯೋಜನೆಯಡಿ ಚಿಕಿತ್ಸೆ ಕೊಡುತ್ತಾ "ವ್ಯತ್ಯಾಸದ ಹಣ" ಕೇಳಿದರೆ ಕಟ್ಟುವ ಮುನ್ನ 104ಕ್ಕೆ ಅಥವಾ ಟ್ರಸ್ಟಿನ 1800 425 8330ಕ್ಕೆ ಕರೆ ಮಾಡಿ. ಕಟ್ಟಲೇಬೇಕಾಗಿ ಬಂದರೆ ಏತಕ್ಕೆ ಎಂದು ಬರೆದ ರಸೀದಿ ಪಡೆಯಿರಿ. ರಸೀದಿ ಕೊಡದೆ ಪಡೆದ ಹಣಕ್ಕೆ ದೂರು ನಿಲ್ಲುವುದು ಕಷ್ಟ.

ರೈಲಿನಲ್ಲಿ ಚಿಕಿತ್ಸೆಗೆ ಓಡಾಡುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ತ್ರೀ ಟಯರ್ ಎಸಿಯಲ್ಲಿ ಟಿಕೆಟ್ ದರ ಪೂರ್ತಿ ಮಾಫಿ, ಜೊತೆಗಿರುವ ಒಬ್ಬರಿಗೆ ಶೇ 75 ರಿಯಾಯಿತಿ. ರೈಲ್ವೆಯ ನಮೂನೆಯಲ್ಲೇ ಆಸ್ಪತ್ರೆಯ ಸಹಿ, ಮೊಹರು ಇರಬೇಕು. ಡಿಸ್ಚಾರ್ಜ್ ದಿನವೇ, ವೈದ್ಯರು ರೌಂಡ್ಸಿಗೆ ಬಂದಾಗ, ಆ ನಮೂನೆ ಅವರ ಮುಂದಿಟ್ಟು ಸಹಿ ಮಾಡಿಸಿಕೊಳ್ಳಿ.