ಅನುವಾದ ಸಾಫ್ಟ್‌ವೇರ್‌ನ ನಂಬರ್ ಚೆಕ್: ವರ್ಷಗಟ್ಟಲೆ ಬಳಸಿದ ಮೇಲೆ ಅನ್ನಿಸಿದ್ದು

ಇದು ಸಾಫ್ಟ್‌ವೇರ್ ಪೂರ್ತಿಯ ವಿಮರ್ಶೆ ಅಲ್ಲ, ಅದ್ರೊಳಗಿನ ಕ್ಯೂಎ ಚೆಕ್‌ನಲ್ಲಿ (ಅನುವಾದದ ಗುಣಮಟ್ಟ ತಾನೇ ಪರೀಕ್ಷಿಸೋ ಸೌಲಭ್ಯ) ನಂಬರ್ ನೋಡೋ ಭಾಗದ ಬಗ್ಗೆ ಮಾತ್ರ. ಟ್ರಾಡೋಸ್, ಮೆಮೊಕ್ಯೂ, ಎಕ್ಸ್‌ಬೆಂಚ್ ಯಾವ್ದು ತಗೊಂಡ್ರೂ ಇದು ಇದ್ದೇ ಇರತ್ತೆ, ಕೆಲಸ ಮಾಡೋ ರೀತಿನೂ ಹೆಚ್ಚುಕಡಿಮೆ ಒಂದೇ: ಮೂಲ ವಾಕ್ಯದ ಅಂಕಿಗಳನ್ನ ಎತ್ಕೊಳ್ಳತ್ತೆ, ಅನುವಾದದಲ್ಲಿರೋವನ್ನ ಎತ್ಕೊಳ್ಳತ್ತೆ, ಎರಡನ್ನೂ ತಾಳೆ ನೋಡಿ ಹೊಂದ್ಲಿಲ್ಲ ಅಂದ್ರೆ ವಾರ್ನಿಂಗ್ ಕೊಡತ್ತೆ. ನನ್ನ ಕೆಲಸ ಜಾಸ್ತಿ ಇಂಗ್ಲಿಷ್‌ನಿಂದ ಕನ್ನಡಕ್ಕೆ, ಔಷಧದ ಮಾಹಿತಿ ಚೀಟಿ, ಯಂತ್ರಗಳ ಮ್ಯಾನ್ಯುಯಲ್, ವಿಮೆ ಕಾಗದ ಇಂಥವು, ಅಂದ್ರೆ ಒಂದು ಅಂಕಿ ತಪ್ಪಿದ್ರೆ ಭಾಷೆ ಎಷ್ಟು ಚೆನ್ನಾಗಿದ್ರೂ ಪ್ರಯೋಜನ ಇಲ್ಲದ ಕೆಲಸ.

ಅಂಕಿ ತಪ್ಪೋದು ಟೈಪಿಂಗ್‌ನಲ್ಲಿ ಅಂತ ತುಂಬಾ ಜನ ಅಂದ್ಕೊಂಡಿದಾರೆ, ಆದ್ರೆ ನಾನು ನೋಡಿರೋ ಹಾಗೆ ಜಾಸ್ತಿ ಬರೋದು ಟ್ರಾನ್ಸ್‌ಲೇಶನ್ ಮೆಮೊರಿಯಿಂದ, ಅಂದ್ರೆ ಹಿಂದೆ ಮಾಡಿದ ಅನುವಾದಗಳನ್ನ ವಾಕ್ಯ ವಾಕ್ಯವಾಗಿ ಕೂಡಿಟ್ಟಿರೋ ಸಂಗ್ರಹದಿಂದ. ಹಳೇ ಆವೃತ್ತಿಯಲ್ಲಿ 15 ಮಿ.ಲೀ. ಅಂತ ಇರತ್ತೆ, ಹೊಸದ್ರಲ್ಲಿ 10, ಬಾಕಿ ವಾಕ್ಯ ಒಂದಕ್ಷರನೂ ಬದಲಾಗಿರಲ್ಲ, ಮೆಮೊರಿ ಹಳೇ ಅನುವಾದನ ತಂದು ಕೂರಿಸತ್ತೆ, ಅದು ಓದೋಕೆ ಎಷ್ಟು ಸರಾಗವಾಗಿರತ್ತೆ ಅಂದ್ರೆ ಕಣ್ಣು ಎಲ್ಲೂ ನಿಲ್ಲಲ್ಲ. ಅಂಕಿನ ತಾನೇ ಬದಲಾಯಿಸೋ ಸೌಲಭ್ಯ ಟೂಲ್‌ಗಳಲ್ಲಿ ಇದೆ ನಿಜ, ಆದ್ರೆ ಹಳೇ ಅನುವಾದದಲ್ಲಿ "ಹದಿನೈದು" ಅಂತ ಅಕ್ಷರದಲ್ಲಿ ಬರೆದಿದ್ರೆ ಅದು ಸುಮ್ನೆ ಹಾಗೇ ಉಳ್ಕೊಳ್ಳತ್ತೆ. ಅನುವಾದ ಸೇವೆಗಿರೋ ಅಂತರರಾಷ್ಟ್ರೀಯ ಮಾನದಂಡ, 2015ರ ಐಎಸ್‌ಒ 17100 ಪ್ರಕಾರ ಅನುವಾದನ ಇನ್ನೊಬ್ರು ಮೂಲದ ಜೊತೆ ಇಟ್ಟು ನೋಡ್ಲೇಬೇಕು, ಸರಿ, ಆದ್ರೆ ಆ ಇನ್ನೊಬ್ರ ಗಮನನೂ ವಾಕ್ಯದ ಓಟದ ಮೇಲೇ ಇರತ್ತೆ. ಹಾಗಾಗಿ ಈ ಚೆಕ್ ನನಗೆ ಬೇಕೇ ಬೇಕು, ಇದಿಲ್ಲದೆ ಫೈಲ್ ಕಳ್ಸೋಕೆ ನಾನು ಒಪ್ಪಲ್ಲ.

ಈಗ ಕನ್ನಡಕ್ಕೆ ಬರೋಣ. ಡೀಫಾಲ್ಟ್ ಸೆಟ್ಟಿಂಗ್‌ನಲ್ಲಿ ರನ್ ಮಾಡಿದ್ರೆ ರಿಪೋರ್ಟ್ ಉದ್ದ ನೋಡಿನೇ ಸುಸ್ತಾಗತ್ತೆ. ಮುಖ್ಯ ಕಾರಣ ನಮ್ಮ ವಿಭಕ್ತಿ. ನಾವು 10ಕ್ಕೆ, 5ರಿಂದ, 2ನೇ ಅಂತ ಅಂಕಿಗೆ ಪ್ರತ್ಯಯ ಅಂಟಿಸಿ ಬರೀತೀವಿ. ಅಂಕಿ ಹುಡುಕೋ ಪ್ಯಾಟರ್ನ್ ಅನ್ನ "ಅಂಕಿ ಮುಗಿದ ತಕ್ಷಣ ಪದನೂ ಮುಗೀಬೇಕು" ಅಂತ ಬರೆದಿದ್ರೆ, 10 ಆದ್ಮೇಲೆ ಸ್ಪೇಸ್ ಬದಲು "ಕ್ಕೆ" ಸಿಕ್ಕಿದಾಗ ಅದಕ್ಕೆ ಅಲ್ಲಿ 10 ಇರೋದೇ ಕಾಣಲ್ಲ, ಅನುವಾದದಲ್ಲಿ ಸಂಖ್ಯೆ ಬಿಟ್ಟುಹೋಗಿದೆ ಅಂತ ಕೂಗತ್ತೆ. ಹೀಗೆ ಪ್ರತಿ ಪುಟದಲ್ಲೂ ಸುಳ್ಳು ವಾರ್ನಿಂಗ್ ಬರ್ತಿದ್ರೆ ಯಾರೇ ಆದ್ರೂ ಓದೋದು ನಿಲ್ಲಿಸಿ ಎಲ್ಲಾನೂ ಸೆಲೆಕ್ಟ್ ಮಾಡಿ ಇಗ್ನೋರ್ ಒತ್ತುತಾರೆ, ನಿಜವಾದ ತಪ್ಪು ತಪ್ಪಿಸ್ಕೊಳ್ಳೋದು ಅಲ್ಲೇ. ಪರಿಹಾರ ಇದೆ: ರೆಗ್ಯುಲರ್ ಎಕ್ಸ್‌ಪ್ರೆಶನ್ (ಅಂದ್ರೆ ಆ ಹುಡುಕೋ ಪ್ಯಾಟರ್ನ್) ಬದಲಾಯಿಸೋಕೆ ಬಿಡೋ ಟೂಲ್ ಆದ್ರೆ ಆ ಗಡಿಯ ಷರತ್ತು ತೆಗೆದು, ಅಂಕಿ ಆದ್ಮೇಲೆ ಕನ್ನಡ ಅಕ್ಷರ ಬಂದ್ರೂ ಪರವಾಗಿಲ್ಲ ಅಂತ ಮಾಡಿ. ಇಷ್ಟು ಮಾಡಿದ ಮೇಲೆ ನನ್ನ ರಿಪೋರ್ಟ್ ಓದೋ ಹಾಗಾಯ್ತು.

ಇನ್ನೊಂದು ಕನ್ನಡ ಅಂಕಿ. ೦ಯಿಂದ ೯ರವರೆಗೆ ಯೂನಿಕೋಡ್‌ನಲ್ಲಿ ಬೇರೆ ಸಂಕೇತಗಳಿವೆ, ಹಾಗಾಗಿ ಕೆಲವು ಟೂಲ್‌ಗೆ ೫ ಅನ್ನೋದು ಅಂಕಿ ಅಂತಲೇ ಗೊತ್ತಾಗಲ್ಲ, ಕೆಲವಕ್ಕೆ ಅಂಕಿ ಅಂತ ಗೊತ್ತಾದ್ರೂ ಅದು 5ಕ್ಕೆ ಸಮ ಅಂತ ಗೊತ್ತಾಗಲ್ಲ. ಕ್ಲೈಂಟ್ ಕನ್ನಡ ಅಂಕಿ ಕೇಳಿದ್ರೆ ನಾನು 0-9ರಲ್ಲೇ ಕೆಲಸ ಮುಗಿಸಿ, ಚೆಕ್ ಮಾಡಿ, ಆಮೇಲೆ ಒಂದೇ ಸಲ ಬದಲಾಯಿಸ್ತೀನಿ (ಲಿಂಕ್, ಮಾಡೆಲ್ ನಂಬರ್, ಕೋಡ್ ಇರೋ ಕಡೆ ಬಿಟ್ಟು).

ಕಾಮಾ, ಚುಕ್ಕಿ ತಂಟೆ ಎಲ್ಲಾ ಭಾಷೆಗೂ ಇದೆ. ಇಂಗ್ಲಿಷ್‌ನ 1,234.56 ಜರ್ಮನ್‌ನಲ್ಲಿ 1.234,56. ದಶಮಾಂಶಕ್ಕೆ ಚುಕ್ಕಿನೂ ಆಗಬಹುದು ಕಾಮಾನೂ ಆಗಬಹುದು ಅಂತ 2003ರಲ್ಲಿ ತೂಕ ಅಳತೆಗಳ ಅಂತರರಾಷ್ಟ್ರೀಯ ಸಮ್ಮೇಳನನೇ ಒಪ್ಕೊಂಡಿದೆ. ನಮ್ಗೆ 1,234,567 ಹೋಗಿ 12,34,567 ಆಗಬೇಕು, 3 ಮಿಲಿಯನ್ 30 ಲಕ್ಷ ಆಗಬೇಕು. ಕಾಮಾನ ಲೆಕ್ಕಕ್ಕೆ ತಗೋಬೇಡ ಅಂತ ಸೆಟ್ಟಿಂಗ್ ಹಾಕಿದ್ರೆ ಮೊದಲನೇದು ಸರಿಹೋಗತ್ತೆ, ಎರಡನೇದಕ್ಕೆ ವಾರ್ನಿಂಗ್ ಬಂದೇ ಬರತ್ತೆ, ಬರಲಿ ಅಂತ ನಾನೇ ಬಿಟ್ಟಿದೀನಿ, ಯಾಕಂದ್ರೆ ಮಿಲಿಯನ್ನಿಂದ ಲಕ್ಷಕ್ಕೆ ಬರೋವಾಗ ಸೊನ್ನೆ ಏರುಪೇರಾಗೋದು ಬಹಳ ಸುಲಭ, ಅಲ್ಲಿ ನಿಂತು ನೋಡೋದು ಒಳ್ಳೇದೇ.

ಇದು ಹಿಡಿಯದೇ ಇರೋದು ಏನು ಅಂತ ಗೊತ್ತಿರೋದು ಇನ್ನೂ ಮುಖ್ಯ. "20 ಮಿ.ಗ್ರಾಂ ಮಾತ್ರೆ 10 ದಿನ" ಅನ್ನೋದು "10 ಮಿ.ಗ್ರಾಂ ಮಾತ್ರೆ 20 ದಿನ" ಆದ್ರೆ, ಕ್ರಮ ನೋಡದ ಚೆಕ್‌ಗೆ ಎರಡೂ ಕಡೆ 10, 20 ಸಿಗತ್ತೆ, ಅದಕ್ಕೆ ಎಲ್ಲಾ ಸರಿ. ಕನ್ನಡದಲ್ಲಿ ವಾಕ್ಯದ ಕ್ರಮ ಹೇಗೂ ತಿರುಗೋದ್ರಿಂದ ಕ್ರಮ ನೋಡು ಅಂತ ಹೇಳಿದ್ರೆ ಮತ್ತೆ ಸುಳ್ಳು ವಾರ್ನಿಂಗ್ ರಾಶಿ. ಮಿ.ಗ್ರಾಂ ಇದ್ದಲ್ಲಿ ಮೈಕ್ರೋಗ್ರಾಂ ಬಿದ್ರೆ ಡೋಸ್ ಸಾವಿರ ಪಟ್ಟು ವ್ಯತ್ಯಾಸ ಆಗತ್ತೆ, ಅಂಕಿ ಮಾತ್ರ ಅದೇ, ಚೆಕ್ ಸುಮ್ನಿರತ್ತೆ. ಹತ್ತರ ಐದನೇ ಘಾತ ಇನ್ನೂ ಅಪಾಯ: ಮೇಲೆ ಚಿಕ್ಕದಾಗಿ ಕೂರೋ 5 ವರ್ಡ್ ಫೈಲ್‌ನಲ್ಲಿ ಬರೀ ಫಾರ್ಮ್ಯಾಟಿಂಗ್, ಟೂಲ್ ಒಳಗೆ ಅದು ಟ್ಯಾಗ್ (ಫಾರ್ಮ್ಯಾಟಿಂಗ್ ಸೂಚಿಸೋ ಗುರುತು) ಆಗಿರತ್ತೆ, ಆ ಟ್ಯಾಗ್ ಬಿಟ್ಟುಹೋದ್ರೆ ಒಂದು ಲಕ್ಷ ಅನ್ನೋದು ನೂರೈದು ಆಗಿ ಅಚ್ಚಾಗತ್ತೆ, ನಂಬರ್ ಚೆಕ್‌ಗೆ ಎರಡೂ ಕಡೆ ಕಾಣೋದು ಅದೇ ಅಂಕಿಗಳು. ಅದನ್ನ ಹಿಡಿಯೋದು ಟ್ಯಾಗ್ ಚೆಕ್, ದಯವಿಟ್ಟು ಅದನ್ನ ಆಫ್ ಮಾಡಬೇಡಿ.

ಚೆಕ್ ಯಾವಾಗ ಓಡಬೇಕು ಅನ್ನೋದನ್ನೂ ಯೋಚ್ನೆ ಮಾಡಿ. ಒಂದು ಸೆಗ್ಮೆಂಟ್ (ಟೂಲ್ ತೋರ್ಸೋ ಒಂದೊಂದು ತುಂಡು, ಸಾಮಾನ್ಯವಾಗಿ ಒಂದು ವಾಕ್ಯ) ಕನ್ಫರ್ಮ್ ಮಾಡಿದ ಕೂಡ್ಲೇ ವಾರ್ನಿಂಗ್ ಬರೋ ಹಾಗಿಟ್ರೆ ವಾಕ್ಯ ಇನ್ನೂ ತಲೇಲಿರತ್ತೆ, ಅಲ್ಲೇ ಸರಿ ಮಾಡ್ತೀವಿ. ಕೊನೆಗೆ ಪೂರ್ತಿ ಫೈಲ್ ಮೇಲೆ ಇನ್ನೊಂದು ಸಲ, ಅದೂ ರಿವಿಷನ್ ಮುಗಿದ ಮೇಲೆ, ಯಾಕಂದ್ರೆ ರಿವ್ಯೂ ಮಾಡೋರು ವಾಕ್ಯ ತಿದ್ದೋವಾಗ್ಲೂ ಅಂಕಿ ಉದುರಿ ಹೋಗತ್ತೆ.

ಕೊಳ್ಳೋ ಯೋಚ್ನೆ ಇರೋರು ಟ್ರಯಲ್‌ನಲ್ಲಿ ಚಿಕ್ಕ ಟೆಸ್ಟ್ ಫೈಲ್ ಓಡಿಸಿ: ಪ್ರತ್ಯಯ ಅಂಟಿದ ಅಂಕಿ, ಒಂದು ಕನ್ನಡ ಅಂಕಿ, ಲಕ್ಷದ ಕಾಮಾ, ಅದಲುಬದಲಾದ ಎರಡು ಸಂಖ್ಯೆ, ತಪ್ಪು ಯೂನಿಟ್. ಐದರಲ್ಲಿ ಕೊನೇ ಎರಡು ಡೀಫಾಲ್ಟ್‌ನಲ್ಲಿ ಸಿಗೋದು ಕಷ್ಟ, ಆದ್ರೆ ಯೂನಿಟ್‌ಗೆ ನೀವೇ ರೂಲ್ ಬರೆಯೋ ಅವಕಾಶ ಇದ್ರೆ ಸಾಕು: ಮೂಲದಲ್ಲಿ ಅಂಕಿ ಜೊತೆ ಮೈಕ್ರೋಗ್ರಾಂ ಇದ್ದು ಅನುವಾದದಲ್ಲಿ ಆ ಪದ ಇಲ್ಲದಿದ್ರೆ ವಾರ್ನಿಂಗ್ ಕೊಡು ಅಂತ. ಔಷಧದ ಫೈಲ್ ಮಾಡೋರಿಗೆ ನಾನು ಮೊದ್ಲು ಹಾಕ್ಕೊಡೋ ರೂಲ್ ಇದೇ.