ಮೋಟರ್ ರಿವೈಂಡಿಂಗ್ ಮಾಡಿಸುವವರೇ, ಮೀಟರ್‌ನಲ್ಲಿ ಬರೀ ನಂಬರ್ ನೋಡಿ ದುಡ್ಡು ಕೊಡಬೇಡಿ

ಶಿಡ್ಲಘಟ್ಟ, ಚಿಂತಾಮಣಿ ಕಡೆ ಬೋರ್‌ವೆಲ್ ಇರುವವರು ದಯವಿಟ್ಟು ಓದಿ. ಅಂಗಡಿ ಹೆಸರು ಹಾಕುತ್ತಿಲ್ಲ, ಆದರೆ ಹೊಟ್ಟೆ ಉರಿಯುತ್ತಿದೆ.

ಹೋದ ತಿಂಗಳು ನಮ್ಮ ಏಳೂವರೆ ಎಚ್‌ಪಿ ಮೋಟರ್ ಸುಟ್ಟಿತು. ರಿವೈಂಡಿಂಗ್‌ಗೆ, ಅಂದರೆ ಒಳಗಿನ ಕಾಯಿಲ್ ಹೊಸದಾಗಿ ಸುತ್ತಲು, 9,500 ರೂಪಾಯಿ. ತರಲು ಹೋದಾಗ ಅಂಗಡಿಯವನು ಮಲ್ಟಿಮೀಟರ್‌ನ ಒಂದು ಕಡ್ಡಿ ಮೋಟರ್‌ನ ಲೋಹದ ಬಾಡಿ ಮೇಲೆ, ಇನ್ನೊಂದು ಕಾಯಿಲ್ ವೈರಿಗೆ ಇಟ್ಟ, ಕರೆಂಟ್ ಹೊರಗೆ ಸೋರದಂತೆ ತಡೆ ಎಷ್ಟಿದೆ ಅಂತ ನೋಡಲು. "ಇಲ್ಲಿ ಒಂದು ಇದ್ದರೆ ಸಾಕು ಅಂತಾರೆ, ನಿಮ್ಮದು ಇಪ್ಪತ್ತು ಬಂದಿದೆ ನೋಡಿ ಅಣ್ಣ" ಅಂದ. ನೋಡಿದೆ. ಇಪ್ಪತ್ತೇ ಇತ್ತು. ಪಕ್ಕದಲ್ಲಿ ಕುದುರೆ ಲಾಳದಂಥ ಓಮ್ ಗುರುತು, ಅದರ ಹಿಂದೆ ಸಣ್ಣದಾಗಿ 'ಕೆ' ಅಕ್ಷರ. ಖುಷಿಯಲ್ಲಿ ಫೋಟೋ ಬೇರೆ ತೆಗೆದುಕೊಂಡೆ. ಆ ಅಕ್ಷರ ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ.

900 ಅಡಿಗೆ ಇಳಿಸಿದೆವು. ಮೂರನೇ ರಾತ್ರಿ ಸ್ಟಾರ್ಟರ್ ಟ್ರಿಪ್ ಆಗಿ ಬಿತ್ತು, ಮತ್ತೆ ಏಳಲಿಲ್ಲ. ರೇಷ್ಮೆ ಹುಳು ನಾಲ್ಕನೇ ಜ್ವರ (ಪೊರೆ ಬಿಡುವುದು) ಎದ್ದಿದ್ದವು, ಹಿಪ್ಪುನೇರಳೆ ತೋಟಕ್ಕೆ ನೀರಿಲ್ಲ, ಸೊಪ್ಪು ಹೊರಗಿಂದ ತಂದೆ. ಮೋಟರ್ ಎತ್ತುವ ಕೂಲಿ ಬೇರೆ.

ಎತ್ತಲು ಬಂದ ಇನ್ನೊಬ್ಬ ಮೆಕ್ಯಾನಿಕ್‌ಗೆ ಫೋಟೋ ತೋರಿಸಿದೆ. "ಇದು ಕಿಲೋ ಓಮ್ ಅಣ್ಣ. ಒಂದು ಇರಬೇಕು ಅನ್ನೋದು ಮೆಗಾ ಓಮ್" ಅಂದ. ಅಲ್ಲೇ ಕುಸಿದು ಕೂತೆ. ಒಂದು ಮೆಗಾ ಓಮ್ ಅಂದರೆ 1,000 ಕಿಲೋ ಓಮ್, ಅಂದರೆ ಹತ್ತು ಲಕ್ಷ ಓಮ್. ನನ್ನದು ಬರೀ 20,000 ಓಮ್. ಮೆಗಾ ಲೆಕ್ಕದಲ್ಲಿ 0.02. ಇರಬೇಕಾದ್ದಕ್ಕಿಂತ 50 ಪಟ್ಟು ಕಡಿಮೆ! ಹತ್ತನೇ ಕ್ಲಾಸಲ್ಲಿ ಓದಿದ್ದೇ ಇದು, ಹೇಳಿಕೊಳ್ಳಲು ನಾಚಿಕೆ ಆಗುತ್ತದೆ.

ಆ ಅಂಗಡಿಯವನಿಗೆ ಫೋನ್ ಮಾಡಿದರೆ ಮೊದಲು "ಇಪ್ಪತ್ತು ಬಂದಿದ್ದು ನೀವೇ ನೋಡಿದ್ರಲ್ಲ" ಅಂದ. ಆಮೇಲೆ "ವೋಲ್ಟೇಜ್ ಜಾಸ್ತಿ ಬಂದಿರುತ್ತೆ". ಕೊನೆಗೆ "ಕೆ ಆದರೇನು ಎಂ ಆದರೇನು, ಎಲ್ಲಾ ಓಮೇ ಅಲ್ವಾ ಅಣ್ಣ". ಈ ಮಾತು ಇನ್ನೂ ಕಿವಿಯಲ್ಲೇ ಇದೆ. ಎಲ್ಲಾ ಓಮೇ ಅಂತೆ! ಒಂದು ರೂಪಾಯಿ ಕೊಡಬೇಕಾದ ಕಡೆ ಎರಡು ಪೈಸೆ ಇಟ್ಟು ಎಲ್ಲಾ ದುಡ್ಡೇ ಅಲ್ವಾ ಅಂದರೆ ಅವನು ಸುಮ್ನೆ ಇರುತ್ತಾನಾ?

ಫೇಸ್‌ನಿಂದ ಫೇಸ್‌ಗೆ, ಅಂದರೆ ಮೋಟರ್‌ನ ಮೂರು ವೈರಲ್ಲಿ ಒಂದರಿಂದ ಇನ್ನೊಂದಕ್ಕೆ, ನೋಡಿದರೆ ಕೆಲವೇ ಓಮ್ ಬರಬೇಕು, ಮೂರೂ ಕಡೆ ಒಂದೇ ಸಮ. ವೈರಿನಿಂದ ಬಾಡಿ ಮೇಲೆ ನೋಡಿದರೆ ಮಾತ್ರ ಮೆಗಾ ಓಮ್ ಬೇಕು. ದೊಡ್ಡ 'ಎಂ' ಮೆಗಾ, ಚಿಕ್ಕ 'ಎಂ' ಮಿಲ್ಲಿ, ಅದೂ ನೋಡಿಕೊಳ್ಳಿ. ಬಾಡಿ ಚೆಕ್‌ಗೆ ಮಲ್ಟಿಮೀಟರ್ ಸಾಲದು, ಅದರ ಒಳಗಿರುವುದು ಸಣ್ಣ ಬ್ಯಾಟರಿ. 500 ವೋಲ್ಟ್ ಮೆಗ್ಗರ್ (ಜಾಸ್ತಿ ವೋಲ್ಟೇಜ್ ಕೊಟ್ಟು ಈ ತಡೆ ಅಳೆಯುವ ಮೀಟರ್) ಹಾಕಿಸಿ. ಇಲ್ಲ ಅಂದರೆ ಮೋಟರ್ ಅಲ್ಲೇ ಬಿಟ್ಟು ಬನ್ನಿ.

ಈಗ ಬೇರೆ ಕಡೆ ಮಾಡಿಸಿದೆ. ಮೋಟರನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿಟ್ಟು ಮೆಗ್ಗರ್ ಹಿಡಿದರು. ದೊಡ್ಡ 'ಎಂ' ಮೇಲೆ ಬೆರಳಿಟ್ಟು ನೋಡಿಯೇ ದುಡ್ಡು ಎಣಿಸಿದೆ.