ಮನೆಗೆ ಬರುವ ಫಿಸಿಯೋಥೆರಪಿ ಸೇವೆ, ಕಲಬುರಗಿ

ಜೇವರ್ಗಿ ರಸ್ತೆಯ ನಮ್ಮ ಮನೆಗೆ ಬಂದು ತಾಯಿಯವರಿಗೆ ವ್ಯಾಯಾಮ ಮಾಡಿಸುವ ಈ ಸೇವೆಯಲ್ಲಿ ನಾನು ಬಹಳ ಮೆಚ್ಚಿದ್ದು, ಫಿಸಿಯೋಥೆರಪಿಸ್ಟ್ ಮೊಣಕಾಲು ನೋವನ್ನಷ್ಟೇ ವಿಚಾರಿಸದೆ, ಸ್ನಾನ, ಬಟ್ಟೆ ತೊಡುವುದು, ಶೌಚಾಲಯದ ಬಳಕೆ, ಹಾಸಿಗೆಯಿಂದ ಏಳುವುದು, ಮಲಮೂತ್ರದ ಹಿಡಿತ, ಊಟ ಎಂಬ ಆರನ್ನೂ ಒಂದೊಂದಾಗಿ ಕೇಳಿ ಬರೆದುಕೊಂಡದ್ದನ್ನು. 1963ರಲ್ಲಿ ಅಮೆರಿಕದ ವೈದ್ಯ ಸಿಡ್ನಿ ಕಾಟ್ಜ್ ಮತ್ತು ಸಂಗಡಿಗರು ಪ್ರಕಟಿಸಿದ ಈ ಅಳತೆಯ ಪ್ರಕಾರ, ವೃದ್ಧರಲ್ಲಿ ಸಾಮಾನ್ಯವಾಗಿ ಮೊದಲು ಕುಂದುವುದು ಸ್ನಾನದ ಸ್ವಾವಲಂಬನೆ. ತಾವೇ ಉಣ್ಣುವ ಶಕ್ತಿ ಕೊನೆಯವರೆಗೆ ಉಳಿಯುತ್ತದೆ. ಜಪಾನಿನಲ್ಲಿ 2000ರಿಂದ ಇಂತಹ ಆರೈಕೆಗೆ ಸಾರ್ವಜನಿಕ ವಿಮೆಯಿದೆ, ನಮ್ಮಲ್ಲಿ ಬಹುಪಾಲು ಹೊರೆ ಮನೆಯವರದೇ. ಶುಲ್ಕ ಸ್ವಲ್ಪ ದುಬಾರಿ. ಆದರೂ ಅವರ ಸಲಹೆಯಂತೆ ಬಚ್ಚಲಿನ ಗೋಡೆಗೆ ಹಿಡಿಕೆ ಹಾಕಿಸಿದ ಮೇಲೆ ತಾಯಿಯವರು ಯಾರ ಆಸರೆಯೂ ಇಲ್ಲದೆ ಸ್ನಾನ ಮಾಡುತ್ತಿದ್ದಾರೆ, ಆದ್ದರಿಂದ ಸೇವೆಯನ್ನು ಮುಂದುವರಿಸಿದ್ದೇವೆ.